ಮೆರಿಕೊಯಿಡೊಡಾನ್ ತಲೆಬುರುಡೆ: ಮೂಳೆ ಎಷ್ಟು, ಪ್ಲಾಸ್ಟರ್ ಎಷ್ಟು?

ಅಮೆರಿಕದ ಪಳೆಯುಳಿಕೆ ಮಾರುಕಟ್ಟೆಯಲ್ಲಿ ‘ಒರಿಯೊಡಾಂಟ್ ತಲೆಬುರುಡೆ’ ಎಂದು ಮಾರಾಟಕ್ಕೆ ಬರುವ ಸರಕಿನಲ್ಲಿ ಹೆಚ್ಚಿನದು ಮೆರಿಕೊಯಿಡೊಡಾನ್ ಎಂಬ ಗೊರಸಿನ ಪ್ರಾಣಿಯದು. ಸೌತ್ ಡಕೋಟ, ನೆಬ್ರಾಸ್ಕ, ವಯೋಮಿಂಗ್ ರಾಜ್ಯಗಳ ವೈಟ್ ರಿವರ್ ಎಂಬ ಶಿಲಾಪದರಗಳಲ್ಲಿ ಅತಿ ಹೆಚ್ಚು ಸಿಗುವ ಸಸ್ತನಿಗಳಲ್ಲಿ ಇದೂ ಒಂದು. ಅದಕ್ಕೇ 3 ಕೋಟಿ ವರ್ಷ ದಾಟಿದ ಅಸಲಿ ಪ್ರಾಣಿಯೊಂದರ ಇಡೀ ತಲೆ ಕೆಲವು ನೂರು ಡಾಲರಿಗೆ ಕೈಗೆ ಸಿಗುತ್ತದೆ. ಅದೇ ಪದರಗಳ ಕತ್ತಿಹಲ್ಲಿನ ಬೇಟೆಪ್ರಾಣಿಯ ತಲೆ ಬೇಕೆಂದರೆ ಅದರ ಹಲವು ಪಟ್ಟು ತೆರಬೇಕು.

ನಮ್ಮ ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಹಲ್ಲಿನ ಸಾಲು ಪೂರ್ತಿಯಾಗಿದ್ದು, ಒಂದು ಕೆನ್ನೆಮೂಳೆ ಮುರಿದುಹೋಗಿ, ಕಣ್ಣುಗೂಡಿನಲ್ಲಿ ಇನ್ನೂ ಮಣ್ಣುಗಲ್ಲು ಉಳಿದಿರುವ ತಲೆಬುರುಡೆ ಒಳ್ಳೆಯ ಸರಕು. ಎಲ್ಲ ಭಾಗವೂ ಇದ್ದು, ಒಂದೇ ಬಣ್ಣದಲ್ಲಿ ಮಿರಮಿರ ಮಿಂಚುವ ತಲೆಬುರುಡೆಯ ಮುಂದೆ ಎರಡು ಸಲ ನಿಲ್ಲಬೇಕು. ಯಾಕೆಂದರೆ ಈ ಪ್ರಾಣಿಯ ತಲೆಯಲ್ಲಿ ಕೆಲವು ಭಾಗಗಳು ಕಾಗದದಷ್ಟು ತೆಳು. ಅವು ಮುರಿಯದೆ ಉಳಿಯುವುದೇ ಅಪರೂಪ. ಉಳಿದಿವೆ ಎಂದು ತೋರಿಸಿದರೆ ಹೆಚ್ಚಿನ ಸಲ ಅದು ಯಾರದೋ ಕೈಕೆಲಸ.

ಮೊದಲು ಪ್ರಾಣಿಯ ಪರಿಚಯ, ಕೊಳ್ಳಲು ಬೇಕಾದಷ್ಟು. ಅಮೆರಿಕದ ಪಳೆಯುಳಿಕೆ ತಜ್ಞ ಜೋಸೆಫ್ ಲೈಡಿ 1848ರಲ್ಲಿ ಮೆರಿಕೊಯಿಡೊಡಾನ್ ಎಂಬ ಹೆಸರಿಟ್ಟರು. ‘ಮೆಲುಕು ಹಾಕುವ ಪ್ರಾಣಿಯಂಥ ಹಲ್ಲಿನದು’ ಎಂದು ಅರ್ಥ. ಆಮೇಲೆ ಅವರೇ ಒರಿಯೊಡಾನ್ ಎಂಬ ಇನ್ನೊಂದು ಹೆಸರನ್ನೂ ಬಳಸಿದರು. ಮೊದಲು ಇಟ್ಟ ಹೆಸರಿಗೇ ಮಾನ್ಯತೆ ಎಂಬ ನಿಯಮದಂತೆ ಮೆರಿಕೊಯಿಡೊಡಾನ್ ಉಳಿಯಿತು, ಆದರೆ ‘ಒರಿಯೊಡಾಂಟ್’ ಎಂಬುದು ಇಡೀ ಕುಟುಂಬದ ಆಡುಹೆಸರಾಗಿ ನಿಂತುಬಿಟ್ಟಿತು. ಆದ್ದರಿಂದ ಮಾರುವವರು ಜೊತೆಗೆ ಕೊಡುವ ವಿವರದ ಚೀಟಿಯಲ್ಲಿ ಬರೀ ‘ಒರಿಯೊಡಾಂಟ್’ ಎಂದಿದ್ದರೆ ಅದು ಯಾವ ಕುಲ ಎಂದು ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಸಿಗುವ ಪ್ರಭೇದ ಮೆರಿಕೊಯಿಡೊಡಾನ್ ಕಲ್ಬರ್ಟ್‌ಸೊನಿ. ಕುರಿಯಷ್ಟು ಗಾತ್ರ, ಗಿಡ್ಡ ಕಾಲು, ಉದ್ದ ಬಾಲ, ಮುಂಗಾಲಿನಲ್ಲಿ ಐದು ಬೆರಳು, ಹಿಂಗಾಲಿನಲ್ಲಿ ನಾಲ್ಕು. ಹಳೆಯ ಬರಹಗಳು ಇದನ್ನು ಮೆಲುಕು ಹಾಕುವ ಹಂದಿ ಎಂದವು. ಮಾರುವವರು ಈಗಲೂ ‘ಪುರಾತನ ಹಂದಿ’, ‘ಪುರಾತನ ಕುರಿ’ ಎಂದು ಬರೆಯುತ್ತಾರೆ. ಎರಡೂ ಅಲ್ಲ. ಇಂದಿನ ಪ್ರಾಣಿಗಳಲ್ಲಿ ಒಂಟೆಯ ಬಳಗ ಹತ್ತಿರದ್ದು ಎಂಬುದು ಹೆಚ್ಚಿನವರ ಅಭಿಪ್ರಾಯ. ಈ ಕುಟುಂಬದ ಸಂತತಿ ಇಂದು ಎಲ್ಲೂ ಉಳಿದಿಲ್ಲ.

ಪೆಟ್ಟಿಗೆ ಬಿಚ್ಚಿದಾಗ ಏನಿರಬೇಕು? ಬೆಳೆದ ಪ್ರಾಣಿಯ ತಲೆಬುರುಡೆ ಸುಮಾರು 20 ಸೆಂ.ಮೀ. ಉದ್ದ. ಮೂಳೆ ಬಿಳಿಯಿಂದ ಹಿಡಿದು ತಿಳಿ ಕಂದು ಬಣ್ಣದವರೆಗೆ, ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಅದಕ್ಕಿಂತ ಗಾಢ. ಮಿದುಳಗೂಡು ಮತ್ತು ಮೂಗಿನ ಒಳಗೆ ಮಣ್ಣುಗಲ್ಲು ತುಂಬಿಕೊಂಡೇ ಇರುವುದರಿಂದ ಕೈಗೆ ಭಾರ, ಮುಟ್ಟಿದರೆ ತಣ್ಣಗೆ. ನೆತ್ತಿಯ ನಡುವೆ ಹಿಂದಕ್ಕೆ ಓಡುವ ಏಣು ಇರುತ್ತದೆ. ದವಡೆ ಆಡಿಸುವ ಸ್ನಾಯು ಅಂಟಿದ ಜಾಗ ಅದು. ಕಣ್ಣುಗೂಡಿನ ಹಿಂಬದಿ ಮೂಳೆಪಟ್ಟಿಯಿಂದ ಮುಚ್ಚಿರುತ್ತದೆ. ಕಣ್ಣಿನ ಮುಂದೆ, ಕೆನ್ನೆಯ ಮೇಲೆ, ಹೆಬ್ಬೆರಳು ಒತ್ತಿದಂಥ ಒಂದು ಗುಳಿ. ಜಿಂಕೆಗಳಲ್ಲಿ ವಾಸನೆಯ ಗ್ರಂಥಿ ಕೂರುವ ಜಾಗದಲ್ಲೇ ಇದೂ ಇದೆ. ಈ ಗುಳಿಯನ್ನು ಬೆರಳಿನಿಂದ ತಡವಿ ನೋಡಿ: ಎರಡೂ ಬದಿ ಗುಳಿ ಒಂದೇ ರೀತಿ ಇದ್ದು ಅಂಚು ನವಿರಾಗಿದ್ದರೆ ಸರಿ. ಒಂದು ಬದಿ ಗುಳಿ ಕಾಣದೆ ಸಪಾಟಾಗಿದ್ದರೆ ಅಲ್ಲಿ ಪ್ಲಾಸ್ಟರ್ ತುಂಬಿರಬಹುದು, ಇಲ್ಲವೇ ಕಲ್ಲು ಉಳಿದಿರಬಹುದು. ಕಲ್ಲು ಉಳಿದಿದ್ದರೆ ತೊಂದರೆ ಏನೂ ಇಲ್ಲ.

ಇನ್ನು ಹಲ್ಲು. ಈ ತಲೆಬುರುಡೆಯ ಬೆಲೆ ನಿಂತಿರುವುದು ಹಲ್ಲಿನ ಮೇಲೆ, ಗುರುತು ಸಿಗುವುದೂ ಹಲ್ಲಿನಿಂದ, ಮೋಸ ಬಯಲಾಗುವುದೂ ಅಲ್ಲೇ.

ಒಟ್ಟು 44 ಹಲ್ಲು. ಮೇಲೆ, ಕೆಳಗೆ ಪ್ರತಿ ಬದಿಗೆ 3 ಬಾಚಿಹಲ್ಲು, 1 ಕೋರೆಹಲ್ಲು, 4 ಮುಂದವಡೆ ಹಲ್ಲು, 3 ಹಿಂದವಡೆ ಹಲ್ಲು. ಮೇಲಿನ ಕೋರೆಹಲ್ಲು ಗಟ್ಟಿ, ಗಿಡ್ಡ, ಅಡ್ಡ ಕೊಯ್ದರೆ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಕಾಣುತ್ತದೆ. ಕೆಳಗಿನ ಕೋರೆಹಲ್ಲು ಎಲ್ಲಿ ಎಂದು ಹುಡುಕುವವರು ಇಲ್ಲೇ ಎಡವುತ್ತಾರೆ. ಕೆಳದವಡೆಯಲ್ಲಿ ಕೋರೆಯಂತೆ ಎದ್ದು ಕಾಣುವ ಹಲ್ಲು ನಿಜವಾಗಿ ಮೊದಲನೆಯ ಮುಂದವಡೆ ಹಲ್ಲು. ಅಸಲಿ ಕೆಳಕೋರೆ ಚಿಕ್ಕದಾಗಿ ಬಾಚಿಹಲ್ಲುಗಳ ಸಾಲಿಗೆ ಸೇರಿಕೊಂಡಿದೆ. ಹಾಗಾಗಿ ಕೆಳಗೆ ಮುಂಭಾಗದಲ್ಲಿ ಪ್ರತಿ ಬದಿಗೆ 4 ಬಾಚಿಹಲ್ಲು ಇದ್ದಂತೆ ತೋರುತ್ತದೆ. ಬಾಯಿ ಮುಚ್ಚಿದಾಗ ಕೆಳಗಿನ ಈ ಕೋರೆಯಂಥ ಹಲ್ಲು ಮೇಲಿನ ಕೋರೆಹಲ್ಲಿನ ಹಿಂದೆ ಕೂರುತ್ತದೆ. ನಾಯಿ, ಬೆಕ್ಕುಗಳಲ್ಲಿ ಕೆಳಕೋರೆ ಮೇಲ್ಕೋರೆಯ ಮುಂದೆ ಕೂರುತ್ತದೆ. ಪ್ರಾಣಿಯನ್ನು ಅರಿಯದವರು ಮುರಿದ ತಲೆಬುರುಡೆ ಜೋಡಿಸುವಾಗ ನಾಯಿಯ ಬಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಕೆಳಗಿನ ಕೋರೆಯನ್ನು ಮುಂದಕ್ಕೆ ತಂದು ಅಂಟಿಸುತ್ತಾರೆ. ಮೇಲ್ಕೋರೆಯ ಮುಂದೆ ಕೆಳಗಿನಿಂದ ಕೋರೆ ಎದ್ದಿರುವುದು ಕಂಡರೆ, ದವಡೆಯ ಮುಂಭಾಗ ಪೂರ್ತಿ ಕೈಯಿಂದ ಮಾಡಿದ್ದು ಎಂದೇ ತಿಳಿಯಿರಿ.

ಸವೆತ ಇದಕ್ಕಿಂತ ನಂಬಿಕೆಯ ಸಾಕ್ಷಿ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈಗಾಜು ಹಿಡಿದು ಮೇಲ್ಕೋರೆಯ ಹಿಂಬದಿ ನೋಡಿ. ಅಲ್ಲಿ ಉಜ್ಜಿ ನುಣುಪಾದ ಚಪ್ಪಟೆ ಮುಖ ಇರಬೇಕು. ಕೆಳಗಿನ ಹಲ್ಲಿನ ಮುಂಬದಿಯಲ್ಲಿ ಅದಕ್ಕೆ ಹೊಂದುವ ಇನ್ನೊಂದು ಮುಖ. ಜೀವಮಾನವಿಡೀ ಒಂದಕ್ಕೊಂದು ಉಜ್ಜಿದ ಗುರುತು ಇದು. ಒಂದರಲ್ಲಿ ಸವೆತ ಜೋರಾಗಿದ್ದು ಇನ್ನೊಂದು ಹೊಸ ಹಲ್ಲಿನಂತೆ ಚೂಪಾಗಿದ್ದರೆ ತಲೆ ಒಂದು ಪ್ರಾಣಿಯದು, ದವಡೆ ಇನ್ನೊಂದರದು. ಎರಡು ಪ್ರಾಣಿಗಳ ಭಾಗ ಸೇರಿಸಿ ಒಂದು ಮಾಡುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಹಾಗೆಂದು ಹೇಳಿ ಕಡಿಮೆ ಬೆಲೆಗೆ ಮಾರಿದರೆ ಅದು ತಪ್ಪಲ್ಲ; ಹೇಳದೆ ಮಾರಿದರೆ ತಪ್ಪು.

ಹಿಂದವಡೆ ಹಲ್ಲುಗಳ ಮೇಲ್ಮುಖ ನೋಡುವುದೇ ಒಂದು ಸಂತೋಷ. ಪ್ರತಿ ಮೇಲುಹಲ್ಲಿನಲ್ಲಿ ನಾಲ್ಕು ಅರ್ಧಚಂದ್ರ, ಎರಡೆರಡು ಜೋಡಿಯಾಗಿ. ಚಂದ್ರನ ಗೆರೆ ಎನಾಮಲ್, ಒಳಗಿನ ತಗ್ಗು ಡೆಂಟಿನ್. ಎನಾಮಲ್ ಗಟ್ಟಿ, ಡೆಂಟಿನ್ ಮೆದು. ಹಾಗಾಗಿ ಸವೆದಷ್ಟೂ ಎನಾಮಲ್ ಏಣಾಗಿ ಉಳಿದು ಡೆಂಟಿನ್ ತಗ್ಗಾಗುತ್ತದೆ, ಸೊಪ್ಪು ಅರೆಯುವ ಕಲ್ಲು ತಾನೇ ಹರಿತವಾಗುತ್ತ ಹೋಗುತ್ತದೆ. ಬಣ್ಣ ಬಳಿದ ನಕಲಿ ಹಲ್ಲಿನಲ್ಲಿ ಈ ಏಣು ಮತ್ತು ತಗ್ಗಿನ ನಡುವಿನ ಗಡಿ ಬರೀ ಬಣ್ಣದ ಗೆರೆ. ಉಗುರು ಎಳೆದರೆ ಅಸಲಿಯಲ್ಲಿ ಎನಾಮಲ್ ಅಂಚಿಗೆ ಉಗುರು ತಡೆಯುತ್ತದೆ, ನಕಲಿಯಲ್ಲಿ ಜಾರಿ ಹೋಗುತ್ತದೆ. ಅಸಲಿ ಎನಾಮಲ್‌ನಲ್ಲಿ ಕೂದಲೆಳೆಯಂಥ ಬಿರುಕುಗಳೂ ಇರುತ್ತವೆ, ಕೆಲವು ಬಿರುಕುಗಳು ಎನಾಮಲ್ ದಾಟಿ ಕೆಳಗಿನ ಮೂಳೆಯವರೆಗೆ ಓಡುತ್ತವೆ. ಆ ಬಿರುಕು ಒಸಡಿನ ಗೆರೆಯ ಹತ್ತಿರ ಥಟ್ಟನೆ ನಿಂತರೆ, ಅಲ್ಲಿಂದ ಕೆಳಗಿನದು ಪ್ಲಾಸ್ಟರ್ ಇರಬಹುದು. ಅಸಲಿ ಹಲ್ಲುಗಳನ್ನು ಪ್ಲಾಸ್ಟರಿನ ದವಡೆಯಲ್ಲಿ ನೆಟ್ಟು ‘ಅಸಲಿ ದವಡೆ’ ಎಂದು ಮಾರುವುದು ಹೀಗೇ.

ವಯಸ್ಸೂ ಹಲ್ಲಿನಲ್ಲೇ ಇದೆ. ಕೊನೆಯ ಹಿಂದವಡೆ ಹಲ್ಲು ಪೂರ್ತಿ ಮೇಲೆ ಬಂದಿದ್ದರೆ ಬೆಳೆದ ಪ್ರಾಣಿ. ಕೆಳದವಡೆಯ ಆ ಕೊನೆಯ ಹಲ್ಲಿಗೆ ಮಾತ್ರ ಮೂರು ಭಾಗ, ಉಳಿದ ಹಿಂದವಡೆ ಹಲ್ಲುಗಳಿಗೆ ಎರಡೆರಡು. ಹಾಗಾದರೆ ಸಾಲಿನ ನಡುವೆಯೂ ಮೂರು ಭಾಗದ ಹಲ್ಲೊಂದು ಕಂಡರೆ? ಅದು ಕೊನೆಯ ಹಾಲುಹಲ್ಲು. ಜೋಡಿ ಗೊರಸಿನ ಎಲ್ಲ ಪ್ರಾಣಿಗಳ ಮರಿಗಳಲ್ಲೂ ಅಲ್ಲಿ ಅದೇ ಆಕಾರ. ಇಂಥ ದವಡೆ ಮರಿಯದು. ಮರಿಯ ದವಡೆಯನ್ನು ‘ಸಣ್ಣ ಪ್ರಭೇದ, ಅಪರೂಪ’ ಎಂದು ಹೆಚ್ಚಿನ ಬೆಲೆಗೆ ಇಡುವುದುಂಟು. ಮರಿಯ ದವಡೆಗೂ ಬೆಲೆ ಇದೆ, ಹಾಲುಹಲ್ಲಿನ ಅಡಿಯಲ್ಲಿ ಏಳುತ್ತಿರುವ ಶಾಶ್ವತ ಹಲ್ಲು ಮುರಿದ ಜಾಗದಲ್ಲಿ ಕಂಡರೆ ನಮಗೆ ಬೆಳೆದ ಪ್ರಾಣಿಯ ದವಡೆಗಿಂತ ಅದೇ ಹೆಚ್ಚು ಇಷ್ಟ. ಆದರೆ ಹೆಸರು ಸರಿಯಾಗಿರಬೇಕು.

ಹೆಸರಿನ ಗೊಂದಲ ಇಲ್ಲಿಗೆ ಮುಗಿಯುವುದಿಲ್ಲ. ಅದೇ ಪದರಗಳಲ್ಲಿ ಮಿನಿಯೊಕೀರಸ್ ಎಂಬ ಇನ್ನೊಂದು ಕುಲ ಇದೆ. ನೋಡಲು ಮೆರಿಕೊಯಿಡೊಡಾನ್ ಹಾಗೇ, ಗಾತ್ರ ಮಾತ್ರ ಚಿಕ್ಕದು. ಮೇಲಿನ ಪದರಗಳ ಲೆಪ್ಟಾಕೀನಿಯಾ ಬೇರೆಯೇ ಪ್ರಾಣಿ: ಕಣ್ಣು ತಲೆಯ ಮೇಲ್ಭಾಗಕ್ಕೆ ಏರಿದೆ, ಹಲ್ಲಿನ ಕಿರೀಟ ಎತ್ತರ. ಮೆರಿಕೊಯಿಡೊಡಾನ್ ಹಲ್ಲಿನ ಕಿರೀಟ ಗಿಡ್ಡ. ಎಪೊರಿಯೊಡಾನ್ ಜೊತೆ ಗೊಂದಲವಾದರೆ ತಲೆಬುರುಡೆಯನ್ನು ಮಗುಚಿ ಕಿವಿಯ ಮೂಳೆಗುಳ್ಳೆ ನೋಡಬೇಕು. ಮೆರಿಕೊಯಿಡೊಡಾನ್‌ನಲ್ಲಿ ಅದು ಸಣ್ಣದು, ಎಪೊರಿಯೊಡಾನ್‌ನಲ್ಲಿ ಉಬ್ಬಿ ದೊಡ್ಡದಾಗಿದೆ. ಮಾರಾಟದ ಫೋಟೊಗಳಲ್ಲಿ ತಲೆಬುರುಡೆಯ ಅಡಿಭಾಗ ತೋರಿಸುವವರು ಕಡಿಮೆ. ಕೇಳಿ ತರಿಸಿಕೊಳ್ಳಿ.

ಅಪ್ಪಚ್ಚಿಯಾದ ತಲೆಗಳ ಮಾತನ್ನೂ ಇಲ್ಲೇ ಹೇಳಬೇಕು. ಮೇಲಿನ ಪದರಗಳ ಭಾರಕ್ಕೆ ತಲೆಬುರುಡೆ ಬದಿಯಿಂದ ಒತ್ತಿದರೆ ಕಿರಿದಾಗುತ್ತದೆ, ಮೇಲಿನಿಂದ ಒತ್ತಿದರೆ ಅಗಲವಾಗುತ್ತದೆ. ಶುಲ್ಟ್ಸ್ ಮತ್ತು ಫಾಕನ್‌ಬಾಕ್ ಎಂಬ ಸಂಶೋಧಕರು 1940ರಿಂದ 1968ರವರೆಗೆ ಒರಿಯೊಡಾಂಟ್‌ಗಳ ಮೇಲೆ ದೊಡ್ಡ ಸರಣಿಯನ್ನೇ ಪ್ರಕಟಿಸಿ ಹಲವಾರು ಕುಲ, ಪ್ರಭೇದಗಳಿಗೆ ಹೆಸರಿಟ್ಟರು. ಅವುಗಳಲ್ಲಿ ಎಷ್ಟೋ ಹೆಸರುಗಳು ಈ ಒತ್ತಡದ ಆಕಾರವನ್ನೇ ಪ್ರಾಣಿಯ ಆಕಾರವೆಂದು ತಿಳಿದು ಇಟ್ಟವು. 1996ರಲ್ಲಿ ಮಾರ್ಗರೆಟ್ ಸ್ಟೀವನ್ಸ್ ಮತ್ತು ಜೇಮ್ಸ್ ಸ್ಟೀವನ್ಸ್ ಮರುಪರಿಶೀಲಿಸಿ ಬಹಳಷ್ಟನ್ನು ಒಂದಾಗಿಸಿದರು. ‘ಕಿರಿದು’ ಎಂಬ ಅರ್ಥದ ಸ್ಟೆನಾಪ್ಸೊಕೀರಸ್, ‘ಚಪ್ಪಟೆ’ ಎಂಬ ಅರ್ಥದ ಪ್ಲಾಟಿಯೊಕೀರಸ್ ಎರಡೂ ಮಿನಿಯೊಕೀರಸ್‌ಗೆ ಸೇರಿದವು. ಹಳೆಯ ಸಂಗ್ರಹಗಳಿಂದ ಬಂದ ತಲೆಬುರುಡೆಗಳ ಚೀಟಿಯಲ್ಲಿ ಈ ಹೆಸರುಗಳು ಇನ್ನೂ ಇರುತ್ತವೆ. ಅಪರೂಪದ ಕುಲ ಎಂದು ಹೆಚ್ಚು ಕೊಡಬೇಡಿ. ಆದರೆ ಹಳೆಯ ಚೀಟಿಯನ್ನು ಎಸೆಯಲೂಬೇಡಿ. ಅದರಲ್ಲಿ ಬರೆದ ಜಾಗ ಮತ್ತು ಪದರದ ವಿವರ ಹೆಸರಿಗಿಂತ ಬೆಲೆಬಾಳುವುದು.

ಪ್ಲಾಸ್ಟರ್ ಎಲ್ಲೆಲ್ಲಿ ಇರುತ್ತದೆ ಎಂಬುದಕ್ಕೆ ಒಂದು ನಕಾಶೆಯೇ ಇದೆ. ಕೆನ್ನೆಮೂಳೆಯ ಕಮಾನು ಮೊದಲ ಸ್ಥಾನ: ತೆಳು, ಹೊರಕ್ಕೆ ಚಾಚಿದ್ದು, ನೆಲದಿಂದ ಮೊದಲು ಹೊರಬಂದು ಮಳೆಗೆ ಸವೆಯುವ ಭಾಗ. ಆಮೇಲೆ ಮೂತಿಯ ತುದಿ ಮತ್ತು ಬಾಚಿಹಲ್ಲುಗಳು. ಆಮೇಲೆ ಮೂಗಿನ ಮೇಲಿನ ಮೂಳೆ, ನೆತ್ತಿಯ ಏಣಿನ ಹಿಂತುದಿ, ಕಿವಿಯ ಹಿಂದೆ ಕೆಳಕ್ಕೆ ಇಳಿಯುವ ಕಡ್ಡಿ, ಕೆಳದವಡೆಯ ಹಿಂಬದಿಯ ಕೊಂಬಿನಂಥ ಚಾಚು. ಇವಿಷ್ಟೂ ಜಾಗಗಳಲ್ಲಿ ಸ್ವಲ್ಪ ಸ್ವಲ್ಪ ತುಂಬಿದ್ದರೆ ಅದು ಮಾಮೂಲು. ಇವಿಷ್ಟೂ ಜಾಗಗಳು ನೂರಕ್ಕೆ ನೂರು ಪೂರ್ತಿ ಇದ್ದು ‘ತುಂಬಿದ್ದು ಏನೂ ಇಲ್ಲ’ ಎಂದರೆ ನಂಬುವ ಮೊದಲು ಪರೀಕ್ಷೆ ಬೇಕು.

ರಿಪೇರಿ ಬೇರೆ, ತುಂಬುವುದು ಬೇರೆ. ಒಡೆದ ಅದೇ ಮೂಳೆಯ ಚೂರುಗಳನ್ನು ಅಂಟಿಸಿದರೆ ಅದು ರಿಪೇರಿ. ಇಲ್ಲದ ಭಾಗವನ್ನು ಹೊಸದಾಗಿ ಮಾಡಿದರೆ ಅದು ತುಂಬಿದ್ದು. ಈ ಪದರಗಳಿಂದ ಬಂದ ಯಾವ ತಲೆಬುರುಡೆಯೂ ರಿಪೇರಿ ಇಲ್ಲದೆ ಬಂದಿರುವುದು ಕಷ್ಟ, ಅದಕ್ಕೆ ಬೆಲೆ ಇಳಿಸಬೇಕಿಲ್ಲ. ಮಾರುವವರನ್ನು ಕೇಳುವಾಗ ಎರಡನ್ನೂ ಬೇರೆ ಬೇರೆ ಕೇಳಿ: ಅಂಟಿಸಿದ ಬಿರುಕು ಎಲ್ಲೆಲ್ಲಿ, ಹೊಸದಾಗಿ ಮಾಡಿದ ಭಾಗ ಎಲ್ಲೆಲ್ಲಿ. ‘ಸ್ವಲ್ಪ ಕೆಲಸ ಆಗಿದೆ’ ಎಂಬ ಉತ್ತರಕ್ಕೆ ಅರ್ಥವಿಲ್ಲ.

ಪರೀಕ್ಷೆ ಹೀಗೆ. ಕತ್ತಲ ಕೋಣೆಯಲ್ಲಿ 365 ನ್ಯಾನೊಮೀಟರ್ ಯುವಿ (ನೇರಳಾತೀತ) ಟಾರ್ಚ್ ಹಿಡಿಯಿರಿ. 395ರದ್ದು ಅಗ್ಗ, ಆದರೆ ಅದರ ನೇರಳೆ ಬೆಳಕೇ ಎಲ್ಲದರ ಮೇಲೆ ಹರಡಿ ವ್ಯತ್ಯಾಸ ಮಸುಕಾಗುತ್ತದೆ. ಕಣ್ಣಿಗೆ ಯುವಿ ತಡೆಯುವ ಕನ್ನಡಕ ಇರಲಿ. ವೈಟ್ ರಿವರ್ ಮೂಳೆಗಳಲ್ಲಿ ಎಷ್ಟೋ ತಾವೇ ಹೊಳೆಯುತ್ತವೆ, ಆದ್ದರಿಂದ ‘ಹೊಳೆದದ್ದೆಲ್ಲ ಅಂಟು’ ಎಂಬ ಸೂತ್ರ ಇಲ್ಲಿ ನಡೆಯದು. ನೋಡಬೇಕಾದ್ದು ಗಡಿ. ಮೂಳೆಯ ಹೊಳಪು ಒಂದು ಗೆರೆಯ ಹತ್ತಿರ ನಿಂತು, ಆಚೆಗೆ ಬೇರೆ ಬಣ್ಣದ ಹೊಳಪೋ ಕಪ್ಪೋ ಶುರುವಾದರೆ ಆ ಗೆರೆಯಿಂದಾಚೆ ತುಂಬಿದ್ದು. ಬಿರುಕಿನ ಉದ್ದಕ್ಕೂ ತೆಳು ನೀಲಿ ಎಳೆ ಹೊಳೆದರೆ ಅದು ಅಂಟಿನದು, ಚಿಂತೆಯಿಲ್ಲ. ಇಡೀ ತಲೆಬುರುಡೆ ಒಂದೇ ಸಮನಾಗಿ ಹೊಳೆದರೆ ಮೇಲೆ ದಪ್ಪ ಲೇಪ ಇರಬಹುದು. ಆಗ ಯುವಿ ಏನೂ ಹೇಳದು, ಮುಂದಿನ ಪರೀಕ್ಷೆಗೆ ಹೋಗಬೇಕು.

ಅದು ಅಸಿಟೋನ್, ಬಣ್ಣ ಮತ್ತು ರಾಳ ಕರಗಿಸುವ ದ್ರವ. ಹತ್ತಿ ಸುತ್ತಿದ ಕಡ್ಡಿಯನ್ನು ಅಸಿಟೋನ್‌ನಲ್ಲಿ ಅದ್ದಿ, ಹಿಂಡಿ, ಅಡಿಭಾಗದ ಕಾಣದ ಜಾಗದಲ್ಲಿ ಕಾಳಿನಷ್ಟು ಅಗಲಕ್ಕೆ ಅರ್ಧ ನಿಮಿಷ ಉರುಳಿಸಿ. ಹತ್ತಿಗೆ ಕಂದು ಬಣ್ಣ ಹತ್ತಿದರೆ ಅದು ಪೇಂಟ್ ಇರಬಹುದು. ಬರೀ ಜಿಗುಟು ಬಂದರೆ ಮೂಳೆ ಗಟ್ಟಿ ಮಾಡಲು ಹಾಕಿದ ರಾಳ, ಅದು ಇರಬೇಕಾದ್ದೇ. ಮಾರುವವರ ಒಪ್ಪಿಗೆ ಇಲ್ಲದೆ, ಹಣ ಕೊಡದ ವಸ್ತುವಿನ ಮೇಲೆ ಇದನ್ನು ಮಾಡಬಾರದು. ಕಿಟಕಿ ತೆರೆದಿರಲಿ, ಬೆಂಕಿ ಹತ್ತಿರ ಬೇಡ. ಕೆಲವರು ಕಾದ ಸೂಜಿ ಚುಚ್ಚಿ ನೋಡಲು ಹೇಳುತ್ತಾರೆ. ಬೇಡ. ಪ್ಲಾಸ್ಟಿಕ್ ಇದ್ದರೆ ಗೊತ್ತಾಗುವುದು ನಿಜ, ಆದರೆ ಮೂಳೆಯಿದ್ದರೆ ಅದರ ಮೇಲೆ ಕಲೆ ಶಾಶ್ವತ.

ಶುಚಿ ಮಾಡಿದವರ ಕೈ ಹೇಗಿತ್ತು ಎಂಬುದನ್ನೂ ಓದಬಹುದು. ವೈಟ್ ರಿವರ್ ಮಣ್ಣುಗಲ್ಲಿನಲ್ಲಿ ಜ್ವಾಲಾಮುಖಿ ಬೂದಿ ಬಹಳ. ಕೆಲವು ಕಡೆ ಪುಡಿಪುಡಿ, ಕೆಲವು ಕಡೆ ಸುಣ್ಣ ಕಟ್ಟಿ ಕಬ್ಬಿಣದಂಥ ಗಂಟು. ಗಂಟಿನಿಂದ ಬಿಡಿಸಲು ಗಾಳಿಯೊತ್ತಡದ ಸಣ್ಣ ಉಳಿ, ಕೊನೆಯ ಪದರಕ್ಕೆ ಅಡುಗೆ ಸೋಡದಂಥ ಮೆದು ಪುಡಿಯನ್ನು ಗಾಳಿಯಲ್ಲಿ ಊದುವ ಯಂತ್ರ ಬಳಸುತ್ತಾರೆ. ಅವಸರದಲ್ಲಿ ಉಳಿ ಆಡಿಸಿದರೆ ಮೂಳೆಯ ಮೇಲೆ ಸಾಲು ಸಾಲು ಗೀರು ಬೀಳುತ್ತದೆ. ಪುಡಿ ಹೆಚ್ಚು ಊದಿದರೆ ಮೂಳೆ ಸೀಮೆಸುಣ್ಣದಂತಾಗಿ, ತಲೆಬುರುಡೆಯ ಮೂಳೆಗಳು ಸೇರುವ ಅಂಕುಡೊಂಕು ಗೆರೆಗಳು ಅಳಿಸಿಹೋಗುತ್ತವೆ. ಆ ಗೆರೆಗಳು ನೆತ್ತಿ ಮತ್ತು ಮೂಗಿನ ಮೇಲೆ ಸ್ಪಷ್ಟವಾಗಿ ಕಂಡರೆ ಒಳ್ಳೆಯ ಕೈ ಕೆಲಸ ಮಾಡಿದೆ. ಬುರುಡೆ ಹೊಳೆಯುತ್ತಿದ್ದರೆ ರಾಳ ಅತಿಯಾಗಿದೆ. ಇದೊಂದು ದೋಷವನ್ನು ಮಾತ್ರ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯಿಂದ ನಿಧಾನವಾಗಿ ಒರೆಸಿ ಸರಿಮಾಡಬಹುದು. ಗೀರು ಮತ್ತು ಅಳಿದ ಗೆರೆ ವಾಪಸು ಬರುವುದಿಲ್ಲ.

ತುಂಬಿದ ಕೆಲಸದಲ್ಲೂ ಒಳ್ಳೆಯದು, ಕೆಟ್ಟದ್ದು ಇದೆ. ಒಳ್ಳೆಯ ಕೆಲಸದಲ್ಲಿ ತುಂಬಿದ ಭಾಗ ಮೂಳೆಗಿಂತ ಕೂದಲೆಳೆಯಷ್ಟು ತಗ್ಗಾಗಿ, ಬಣ್ಣ ಒಂದು ಛಾಯೆ ಬೇರೆಯಾಗಿ ಇರುತ್ತದೆ. ಆರಡಿ ದೂರದಿಂದ ಕಣ್ಣಿಗೆ ಒಂದೇ, ಹತ್ತಿರ ಬಂದರೆ ಬೇರೆ. ಮ್ಯೂಸಿಯಂಗಳ ಪದ್ಧತಿ ಇದು, ಸಂಗ್ರಹಕಾರರೂ ಇದನ್ನೇ ಕೇಳಬೇಕು. ಕೆಟ್ಟ ಕೆಲಸದಲ್ಲಿ ಪ್ಲಾಸ್ಟರ್ ಗಡಿ ದಾಟಿ ಅಸಲಿ ಮೂಳೆಯ ಮೇಲೂ ಹರಡಿ, ಎರಡನ್ನೂ ಸೇರಿಸಿ ಒಂದೇ ಬಣ್ಣ ಹೊಡೆದಿರುತ್ತಾರೆ. ಅಲ್ಲಿ ತುಂಬಿದ್ದು ಹತ್ತು ಭಾಗವಾದರೂ ಮುಚ್ಚಿಹೋದದ್ದು ಮೂವತ್ತು ಭಾಗ.

ಕಾನೂನಿನ ವಿಷಯದಲ್ಲಿ ನಮಗೆ ರಾಜಿ ಇಲ್ಲ. ಅಮೆರಿಕದ ಕೇಂದ್ರ ಸರ್ಕಾರದ ಭೂಮಿಯಿಂದ ಬೆನ್ನುಮೂಳೆಯುಳ್ಳ ಪ್ರಾಣಿಗಳ ಪಳೆಯುಳಿಕೆಯನ್ನು ಪರವಾನಗಿ ಇಲ್ಲದೆ ಎತ್ತುವಂತಿಲ್ಲ. 2009ರ ಪಳೆಯುಳಿಕೆ ಸಂರಕ್ಷಣಾ ಕಾಯ್ದೆ ಇದನ್ನು ಗಟ್ಟಿ ಮಾಡಿತು. ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ, ಅದರ ಸುತ್ತಲಿನ ಬಫಲೊ ಗ್ಯಾಪ್ ಹುಲ್ಲುಗಾವಲು ಎರಡೂ ಇದರೊಳಗೆ ಬರುತ್ತವೆ. ಬುಡಕಟ್ಟುಗಳ ಜಮೀನಿಗೆ ಅವರ ಅನುಮತಿ ಬೇಕು. ಮಾರಾಟಕ್ಕೆ ಬರಬಹುದಾದ್ದು ಖಾಸಗಿ ಜಮೀನಿನಿಂದ, ಮಾಲೀಕರ ಒಪ್ಪಿಗೆಯೊಂದಿಗೆ ತೆಗೆದದ್ದು ಮಾತ್ರ. ಆದ್ದರಿಂದ ಚೀಟಿಯಲ್ಲಿ ರಾಜ್ಯ, ಕೌಂಟಿ (ಜಿಲ್ಲೆ), ಖಾಸಗಿ ಜಮೀನು ಎಂಬ ಮಾತು, ಪದರದ ಹೆಸರು, ತೆಗೆದ ವರ್ಷ ಇರಲೇಬೇಕು. ಪದರದ ಹೆಸರಿನಲ್ಲಿ ‘ಬ್ರೂಲ್’ ಎಂದಿದ್ದರೆ ಆಲಿಗೊಸೀನ್ ಎಂಬ ಭೂಯುಗದ್ದು, ‘ಚಾಡ್ರನ್’ ಎಂದಿದ್ದರೆ ಅದರ ಕೆಳಗಿನ, ಅಂದರೆ ಇನ್ನೂ ಹಳೆಯ, ಇಯೊಸೀನ್ ಯುಗದ ಕೊನೆಯ ಕಾಲದ್ದು. ಮೆರಿಕೊಯಿಡೊಡಾನ್ ಎರಡರಲ್ಲೂ ಇದೆ. ಬ್ರೂಲ್‌ನ ಕೆಳಭಾಗದಲ್ಲಿ ಎಷ್ಟು ಹೇರಳವೆಂದರೆ ಹಳೆಯ ಭೂವಿಜ್ಞಾನಿಗಳು ಆ ಪದರವನ್ನೇ ‘ಒರಿಯೊಡಾನ್ ಬೆಡ್ಸ್’ ಎಂದು ಕರೆದರು. ಚೀಟಿಯಲ್ಲಿ ಬರೀ ‘ಬ್ಯಾಡ್‌ಲ್ಯಾಂಡ್ಸ್’ ಎಂದಿದ್ದರೆ, ತಲೆಬುರುಡೆ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಬೆಲೆ: ಕೆಲವು ಹಲ್ಲುಗಳಿರುವ ದವಡೆ ತುಂಡು ಹತ್ತಾರು ಡಾಲರಿಗೆ ಸಿಗುತ್ತದೆ. ಪೂರ್ತಿ ತಲೆಬುರುಡೆ ಕೆಲವು ನೂರು. ಅದೇ ಪ್ರಾಣಿಯ ದವಡೆಯೂ ಜೊತೆಗಿದ್ದು, ಒತ್ತಿಹೋಗದೆ, ತುಂಬಿದ್ದು ಕಡಿಮೆಯಿದ್ದರೆ ಸಾವಿರ ಡಾಲರ್ ದಾಟುವುದುಂಟು. ಮೊದಲ ಸಲ ಕೊಳ್ಳುವವರಿಗೆ ನಮ್ಮ ಸಲಹೆ ದವಡೆ ತುಂಡು: ಒಂದು ಬದಿಯ ಕೆಳದವಡೆ, ಕೋರೆಯಂಥ ಮುಂದವಡೆ ಹಲ್ಲಿನಿಂದ ಮೂರು ಭಾಗದ ಕೊನೆಯ ಹಲ್ಲಿನವರೆಗೆ. ಮೇಲೆ ಹೇಳಿದ ಹಲ್ಲಿನ ಪಾಠವೆಲ್ಲ ಅದರಲ್ಲಿದೆ, ಪ್ಲಾಸ್ಟರಿಗೆ ಜಾಗ ಕಡಿಮೆ. ದವಡೆ ಮತ್ತು ತಲೆ ಕಲ್ಲಿನಿಂದಲೇ ಕಚ್ಚಿಕೊಂಡು ಬಂದ ಮಾದರಿ ಸಿಕ್ಕರೆ ಅದು ಎಲ್ಲಕ್ಕಿಂತ ಮೇಲು. ಎರಡು ಪ್ರಾಣಿ ಸೇರಿಸಿದ್ದಾರೆಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಚೆಂದ ಕಾಣಲಿ ಎಂದು ಅದನ್ನು ಬಿಡಿಸಲು ಹೋಗಬೇಡಿ.

ರಾಳದ ಅಚ್ಚಿನ ಪ್ರತಿಗಳೂ ಸಿಗುತ್ತವೆ. ಪಾಠ ಮಾಡುವವರಿಗೆ, ಮಕ್ಕಳ ಕೈಗೆ ಕೊಡುವವರಿಗೆ ಅವೇ ಸರಿ. ಒಳ್ಳೆಯ ಪ್ರತಿಯಲ್ಲಿ ದವಡೆ ಬೇರೆಯಾಗಿ ಬಿಚ್ಚಿಬರುತ್ತದೆ, ಅರ್ಧಚಂದ್ರಗಳು ಎಣಿಸುವಷ್ಟು ಸ್ಪಷ್ಟ. ಕೊಳ್ಳುವ ಮೊದಲು ಹಲ್ಲಿನ ನಡುವೆ ಗಾಳಿಗುಳ್ಳೆ, ನೆತ್ತಿಯ ಮೇಲೆ ಅಚ್ಚಿನ ಸೇರುಗೆರೆ ಇದೆಯೇ ನೋಡಿ. ಇವೆರಡೂ ಇದ್ದು, ಕೈಗೆ ಹಗುರವಾಗಿ, ಮುಟ್ಟಿದಾಗ ತಣ್ಣಗಾಗದ ವಸ್ತುವನ್ನು ಅಸಲಿ ಎಂದು ತೋರಿಸಿದರೆ ಮಾತು ಮುಂದುವರಿಸುವ ಅಗತ್ಯವಿಲ್ಲ.

ಅಂಚೆಯಲ್ಲಿ ತರಿಸುವುದಾದರೆ ದವಡೆ ಮತ್ತು ತಲೆ ಬೇರೆ ಬೇರೆ ಸುತ್ತಲು ಹೇಳಿ. ಮೊದಲು ತೆಳು ಕಾಗದ, ಆಮೇಲೆ ಮೆದು ಫೋಮ್, ಒಳಪೆಟ್ಟಿಗೆ, ಅದರ ಸುತ್ತ ಎಲ್ಲ ಬದಿಗೂ 5 ಸೆಂ.ಮೀ. ಫೋಮ್, ಹೊರಪೆಟ್ಟಿಗೆ. ಗುಳ್ಳೆ ಪ್ಲಾಸ್ಟಿಕ್ ನೇರವಾಗಿ ಮೂಳೆಗೆ ತಾಗಿದರೆ ಅಂಚು ಸಿಕ್ಕಿಕೊಂಡು ಬಿಚ್ಚುವಾಗ ತೆಳು ಮೂಳೆ ಕಿತ್ತುಬರುತ್ತದೆ. ಮೂಳೆಯ ಮೇಲೆ ಟೇಪ್ ಅಂಟಿಸಲೇಬಾರದು. ಪೆಟ್ಟಿಗೆ ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ. ಉದುರಿದ ಪುಡಿಯಲ್ಲಿ ಹಲ್ಲಿನ ಚೂರಿರಬಹುದು. ಎತ್ತುವಾಗ ಒಂದು ಕೈ ಅಂಗುಳದ ಕೆಳಗೆ, ಇನ್ನೊಂದು ಮಿದುಳಗೂಡಿನ ಕೆಳಗೆ. ಕೆನ್ನೆಯ ಕಮಾನು ಹಿಡಿಕೆಯಂತೆ ಕಾಣುತ್ತದೆ, ಹಾಗೆ ಹಿಡಿದು ಎತ್ತಿದ್ದಕ್ಕೇ ಮುರಿದ ತಲೆಬುರುಡೆಗಳು ಬಹಳ.

ನೀರು ತಾಗಿಸಬೇಡಿ. ಉಳಿದ ಮಣ್ಣುಗಲ್ಲಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ; ಕಣ್ಣುಗೂಡಿನ ಒಳಗೆ ಇದು ನಡೆದರೆ ಸುತ್ತಲಿನ ಮೂಳೆ ಸೀಳುತ್ತದೆ. ಧೂಳಿಗೆ ಮೆತ್ತನೆಯ ಒಣ ಕುಂಚ ಸಾಕು. ಗಾಳಿಯ ತೇವ 45ರಿಂದ 55 ಶೇಕಡ ಆಸುಪಾಸಿನಲ್ಲಿ ಸ್ಥಿರವಾಗಿದ್ದರೆ ಒಳ್ಳೆಯದು, ಏರಿಳಿತವೇ ಶತ್ರು. ಬಿಸಿಲು ಬೀಳುವ ಕಿಟಕಿ, ಬಿಸಿ ದೀಪದ ಗಾಜಿನ ಪೆಟ್ಟಿಗೆ ಎರಡೂ ಬೇಡ: ಹೆಚ್ಚಾಗಿ ಬಳಸುವ ಪ್ಯಾರಲಾಯ್ಡ್ ಬಿ-72 ರಾಳ 40 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗತೊಡಗುತ್ತದೆ, ಅಂಟಿಸಿದ ಭಾಗ ತನ್ನ ಭಾರಕ್ಕೆ ಜಾರುತ್ತದೆ.

ಈ ರಾಳವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಪುಡಿಯಾಗುವ ಮೂಳೆಗೆ 100 ಮಿ.ಲೀ. ಅಸಿಟೋನ್‌ಗೆ 5 ಗ್ರಾಂ ರಾಳದ ಹರಳು ಹಾಕಿ, ಮುಚ್ಚಿದ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಟ್ಟು ಕರಗಿಸಿ, ಕುಂಚದಲ್ಲಿ ತೊಟ್ಟು ತೊಟ್ಟಾಗಿ ಬಿಡಬೇಕು. ಹೀರಿಕೊಳ್ಳುವುದು ನಿಂತಾಗ ನಿಲ್ಲಿಸಿ, ಇಲ್ಲವಾದರೆ ಮೇಲೆ ಹೊಳಪು ನಿಲ್ಲುತ್ತದೆ. ಅಂಟಿಗೆ ಅದೇ 100 ಮಿ.ಲೀ.ಗೆ 50 ಗ್ರಾಂ. ಇದರ ಗುಣ ಏನೆಂದರೆ ನಾಳೆ ತಪ್ಪು ಗೊತ್ತಾದರೆ ಅಸಿಟೋನ್‌ನಲ್ಲಿ ಕರಗಿಸಿ ಬಿಡಿಸಬಹುದು. ಹಾಗೆ ಕರಗದ ಎಪಾಕ್ಸಿ ಅಂಟು ಹಾಕಿ ತಪ್ಪಾಗಿ ಕೂರಿಸಿದ ಕೆನ್ನೆಮೂಳೆಯನ್ನು ಬಿಡಿಸಹೊರಟರೆ ಪಕ್ಕದ ಮೂಳೆಯೇ ಒಡೆಯುತ್ತದೆ.

ಕೊನೆಗೆ ಒಂದು ಕೆಲಸ ಉಳಿಯುತ್ತದೆ, ತಂದ ದಿನವೇ ಮಾಡಿ. ತಲೆಬುರುಡೆಯ ಅಡಿಯಲ್ಲಿ ಹಲ್ಲಿನಿಂದ ದೂರವಿರುವ ಚಪ್ಪಟೆ ಜಾಗದಲ್ಲಿ ಬಿ-72ರ ತೆಳು ಪಟ್ಟಿ ಬಳಿದು ಒಣಗಿಸಿ, ಅದರ ಮೇಲೆ ಕಪ್ಪು ಶಾಯಿಯಲ್ಲಿ ಸಂಖ್ಯೆ ಬರೆದು, ಶಾಯಿ ಒಣಗಿದ ಮೇಲೆ ಇನ್ನೊಂದು ಪಟ್ಟಿ ಬಳಿಯಿರಿ. ಕೆಳದವಡೆಗೂ ಅದೇ ಸಂಖ್ಯೆ. ತಲೆ ಮತ್ತು ದವಡೆ ಎರಡು ಪ್ರಾಣಿಗಳದ್ದಾದರೆ ಬೇರೆ ಬೇರೆ ಸಂಖ್ಯೆ. ಮಾರಿದವರ ಚೀಟಿಯ ಹಿಂದೆ ಆ ಸಂಖ್ಯೆ, ತುಂಬಿದ ಭಾಗಗಳ ಪಟ್ಟಿ, ಯುವಿ ಬೆಳಕಿನಲ್ಲಿ ತೆಗೆದ ಫೋಟೊ ಇಡಿ. ಚೀಟಿ ಮೂಳೆಯ ಪೆಟ್ಟಿಗೆಯಲ್ಲೇ ಇರಲಿ, ಬೇರೆ ಕಡತದಲ್ಲಿ ಬೇಡ.